ಹಿಮದ ದಾರಿ, ಹೂವಿನ ಊರು



ಮರುಭೂಮಿ ಅಂದರೆ ಏನು? ಸುಡುವ ಬಿಸಿಲು, ಮರಳು, ಒಂಟೆ ಅಂತೀರಿ. ಆದರೆ ಚಳಿಯ ಮರುಭೂಮಿಯೂ ಇದೆ. ಅದು ನಮ್ಮ ದೇಶದಲ್ಲೇ ಇದೆ. ಅದರ ಹೆಸರು ಲಡಾಖ್. ಭಾರತದ ನಕಾಶೆಯಲ್ಲಿ ಎಲ್ಲಕ್ಕಿಂತ ಮೇಲೆ ನೋಡಿ.

ಬನ್ನಿ, ನಾವೆಲ್ಲ ಶ್ರೀನಗರದಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಹೋಗೋಣ. ದಾರಿ ಸುಮಾರು 420 ಕಿಲೋಮೀಟರ್. ಕಾಲ ವಸಂತ. ತಿಂಗಳು ಏಪ್ರಿಲ್.

ಹಿಮದ ಗೋಡೆ

ಸೋನಾಮಾರ್ಗ್ ಊರು ದಾಟಿದರೆ ಏರು ದಾರಿ. ಮುಂದೆ ಜೋಜಿ ಲಾ. 'ಲಾ' ಅಂದರೆ ಬೆಟ್ಟ ದಾಟುವ ಕಣಿವೆ. ಇದರ ಎತ್ತರ ಸುಮಾರು 11,500 ಅಡಿ. ಚಳಿಗಾಲದಲ್ಲಿ ಇಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿಹೋಗುತ್ತೆ. ವಸಂತದಲ್ಲಿ ಗಡಿ ರಸ್ತೆ ಸಂಸ್ಥೆಯ ಕೆಲಸಗಾರರು ಯಂತ್ರಗಳಿಂದ ಹಿಮ ಕಡಿದು ದಾರಿ ಮಾಡುತ್ತಾರೆ. ಎರಡೂ ಕಡೆ ಹಿಮದ ಗೋಡೆ. ನಡುವೆ ಲಾರಿಗಳ ಸಾಲು. ತರಕಾರಿ, ದಿನಸಿ ಈ ದಾರಿಯಲ್ಲಿ ಲಡಾಖಿಗೆ ಹೋಗುತ್ತವೆ.

ಬೋಳು ಬೆಟ್ಟಗಳು

ಜೋಜಿ ಲಾ ದಾಟಿದ ಮೇಲೆ ಕಾಡು ಮಾಯ. ಯಾಕೆ? ಎತ್ತರದ ಬೆಟ್ಟಗಳು ಮಳೆ ಮೋಡವನ್ನು ತಡೆಯುತ್ತವೆ. ಲೇಹ್‌ನಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಇಂಚು ಮಳೆ, ಅಷ್ಟೇ. ಬೆಟ್ಟಗಳು ಬೋಳು. ಆದರೆ ಬಣ್ಣ ನೋಡಿ! ಕಂದು, ಹಳದಿ, ನೇರಳೆ.

ದ್ರಾಸ್, ಕಾರ್ಗಿಲ್ ಊರುಗಳು ಬಂದವು. 1999ರಲ್ಲಿ ಯುದ್ಧ ನಡೆದದ್ದು ಈ ಬೆಟ್ಟಗಳಲ್ಲೇ. ಮುಂದೆ ಫೋತು ಲಾ. ಎತ್ತರ ಸುಮಾರು 13,500 ಅಡಿ. ಇಲ್ಲಿ ಉಸಿರಿಗೆ ಸಿಗುವ ಗಾಳಿ ಕಡಿಮೆ. ತಲೆ ನೋಯಬಹುದು. ಅವಸರ ಬೇಡ, ನಿಧಾನ ನಡೆಯಿರಿ. ಲೇಹ್ ಸೇರಿದ ಮೇಲೆ ಎರಡು ದಿನ ವಿಶ್ರಾಂತಿ ಬೇಕು. ತೊಂದರೆ ಹೆಚ್ಚಾದರೆ ಕೂಡಲೇ ವೈದ್ಯರಿಗೆ ತೋರಿಸಬೇಕು, ಕೆಳಗಿನ ಊರಿಗೆ ಇಳಿಯಬೇಕು.

ಹೂವು ಬಿಟ್ಟ ಊರು

ಇಳಿದರೆ ಸಿಂಧೂ ನದಿ. ಅದರ ದಂಡೆಯ ಊರುಗಳಲ್ಲಿ ಏಪ್ರಿಕಾಟ್ ಮರಗಳು ಮೈತುಂಬ ಹೂ ಬಿಟ್ಟಿವೆ. ಬಿಳಿ ಹೂವು, ನಸುಗೆಂಪು ಹೂವು. ಈ ಹಣ್ಣನ್ನು ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಬೀಜದಿಂದ ಎಣ್ಣೆ ತೆಗೆಯುತ್ತಾರೆ.

ಮಳೆ ಇಲ್ಲದೆ ಮರ ಹೇಗೆ ಬೆಳೆಯಿತು? ಮೇಲಿನ ಹಿಮ ಕರಗಿದ ನೀರು ಕಾಲುವೆಯಲ್ಲಿ ಬರುತ್ತೆ. ಯಾರ ಹೊಲಕ್ಕೆ ಯಾವಾಗ ನೀರು ಅಂತ ನೋಡಿಕೊಳ್ಳಲು ಊರವರು ಒಬ್ಬರನ್ನು ಆರಿಸುತ್ತಾರೆ. ಅವರಿಗೆ 'ಚುರ್ಪೋನ್' ಅಂತಾರೆ. ಸರದಿ ಬಂದಾಗಲೇ ನೀರು.

ಆದರೂ ಒಂದು ಕಷ್ಟ ಇತ್ತು. ಬಾರ್ಲಿ ಬಿತ್ತನೆ ವಸಂತದಲ್ಲಿ. ಎತ್ತರದ ಹಿಮ ಕರಗೋದು ಬೇಸಿಗೆಯಲ್ಲಿ. ಬಿತ್ತುವಾಗ ನೀರಿಲ್ಲ! ಲಡಾಖಿನ ಇಂಜಿನಿಯರ್ ಚೆವಾಂಗ್ ನೋರ್ಫೆಲ್ ಇದಕ್ಕೆ ಉಪಾಯ ಹುಡುಕಿದರು. ಚಳಿಗಾಲದಲ್ಲಿ ತೊರೆಯ ನೀರನ್ನು ಊರ ಹತ್ತಿರದ ನೆರಳಿಗೆ ತಿರುಗಿಸಿದರು. ಕಲ್ಲಿನ ಅಡ್ಡಗಟ್ಟೆ ಹಾಕಿಸಿದರು. ನೀರು ಅಲ್ಲೇ ಹೆಪ್ಪುಗಟ್ಟಿತು. ಆ ಜಾಗ ತಗ್ಗಿನಲ್ಲಿದೆ. ಹಾಗಾಗಿ ಆ ಮಂಜುಗಡ್ಡೆ ಬೇಗ ಕರಗಿ, ಬಿತ್ತನೆಗೆ ನೀರು ಸಿಕ್ಕಿತು. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹರಿದುಹೋಗುವ ನೀರನ್ನು ಹಿಡಿದಿಟ್ಟರು. ಇದ್ದಷ್ಟನ್ನು ಹಂಚಿಕೊಂಡರು. ಅದಕ್ಕೇ ಮರುಭೂಮಿಯಲ್ಲಿ ಹೂವು ಅರಳಿತು.

ಓದಿ, ಹೇಳಿ

1. ಲಡಾಖಿನಲ್ಲಿ ಮಳೆ ಯಾಕೆ ಕಡಿಮೆ?
2. ಚುರ್ಪೋನ್ ಏನು ಕೆಲಸ ಮಾಡುತ್ತಾರೆ?
3. ನಿಮ್ಮ ಊರಿನಲ್ಲಿ ಯಾವ ನೀರು ಸುಮ್ಮನೆ ಹರಿದುಹೋಗುತ್ತೆ? ಎಲ್ಲರೂ ಕೂತು ಮಾತಾಡಿ.

ಬರೆಯಿರಿ: ಹಿಮ, ಕಣಿವೆ, ಕಾಲುವೆ, ಸರದಿ, ಬಿತ್ತನೆ