ಅಂಗಳದ ಹಿರಿಯ ಮರಗಳು

ಪಡುಗಡಲಿನಿಂದೇಳುವ ಮೋಡಗಳು ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಸುವ ನಮ್ಮ ಕರಾವಳಿಯಲ್ಲಿ, ಅಜ್ಜಂದಿರು ನೆಟ್ಟ ಹಲಸು, ಮಾವು, ಪುನರ್ಪುಳಿಗಳು ಮನೆಯಂಗಳದಲ್ಲಿ ಇಂದಿಗೂ ನಿಂತಿರುವುದು ನಮ್ಮ ಭಾಗ್ಯವೆಂದೇ ತಿಳಿಯತಕ್ಕದ್ದು. ಆದರೆ ಮನೆಯ ವೃದ್ಧರಂತೆ ವೃದ್ಧವೃಕ್ಷವೂ ಕಾಲೋಚಿತವಾದ ಶುಶ್ರೂಷೆಯನ್ನು ಅಪೇಕ್ಷಿಸುತ್ತದೆ.

ಆದಕಾರಣ ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಮುನ್ನವೇ, ಅನುಭವಸ್ಥನಾದ ಕೆಲಸಗಾರನಿಂದ ಒಣಗಿದ ಕೊಂಬೆಗಳನ್ನೂ ಮಾವಿನ ಸತ್ತ್ವವನ್ನು ಹೀರುವ ಬಂದಣಿಕೆಯನ್ನೂ ತೆಗೆಸಿರಿ. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಹೆರೆಯದೆ, ಅದರ ಬುಡದಲ್ಲಿ ಉಬ್ಬಿರುವ ಭಾಗದ ಹೊರಮಗ್ಗುಲಲ್ಲಿಯೇ ಕತ್ತರಿಸಿದಲ್ಲಿ, ಗಾಯವನ್ನು ಮರವು ತಾನಾಗಿಯೇ ಮುಚ್ಚಿಕೊಳ್ಳುವುದು. ಗಾಳಿಗೆ ಹೆದರಿ ಮರದ ತಲೆಯನ್ನೇ ಕಡಿಸುವುದು ಮಾತ್ರ ಸಲ್ಲದು. ಆ ಗಾಯದಿಂದ ಮಳೆನೀರು ಒಳಹೊಕ್ಕು ತಿರುಳು ಕೊಳೆಯುವುದಲ್ಲದೆ, ಅಲ್ಲಿಂದ ಚಿಗುರುವ ಕೊಂಬೆಗಳಿಗೆ ದೃಢವಾದ ಆಸರೆಯೂ ಇರದು.

ಬುಡದ ಸುತ್ತ ಸಿಮೆಂಟು ಹಾಸಿ, ಮಣ್ಣು ಪೇರಿಸಿ, ಬೇರುಗಳ ಉಸಿರನ್ನು ಕಟ್ಟದಿರಿ. ನೀರು ನಿಲ್ಲದಂತೆ ಕಣಿ ತೋಡುವಾಗಲೂ ದಪ್ಪ ಬೇರುಗಳಿಗೆ ಕೊಡಲಿ ತಾಗದಂತೆ ನೋಡಿಕೊಳ್ಳಿರಿ. ಬುಡದಲ್ಲಿ ಅಣಬೆಯೆದ್ದರೆ, ಮಣ್ಣು ಬಿರಿದು ಮರ ವಾಲಿದರೆ, ತಡಮಾಡದೆ ತಜ್ಞರಿಗೆ ತೋರಿಸಿರಿ. ಒಂದೇ ದಿನದಲ್ಲಿ ಕಡಿದುರುಳಿಸಿದ ನೆರಳನ್ನು ಮರಳಿ ಪಡೆಯಲು ಒಂದು ತಲೆಮಾರೇ ಕಾಯಬೇಕಾದೀತೆಂಬುದನ್ನು ಮರೆಯದಿರೋಣ.