ಏಳು ಊರು ಬೇಡ, ಮೂರು ಸಾಕು

ತಂಗೀ, ತೇರಿಗೆ ಬಂದಾಗ ನೀನು ಫೋನಿನಲ್ಲಿ ತೋರಿಸಿದ ಪಟ್ಟಿಯನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟುಕೊಂಡಿದ್ದೇನೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ವಿಯೆನ್ನಾ, ವೆನಿಸ್, ಫ್ಲಾರೆನ್ಸ್, ರೋಮ್. 12 ದಿನ, 7 ಊರು. ಮೊಮ್ಮಗಳು ಯುರೋಪಿಗೆ ಹೊರಟಳೆಂದು ನಿನ್ನ ಅಜ್ಜಿ ಓಣಿಗೆಲ್ಲ ಸಾರಿ ಆಗಿದೆ. ನನಗೂ ಹಿಗ್ಗೇ. ಆದರೆ ಹಗರಿಬೊಮ್ಮನಹಳ್ಳಿಯಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದವನು ನಾನು. ಲೆಕ್ಕ ಹಾಕದೆ ಇರಲಾರೆ.

ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ಅರ್ಧ ದಿನ ಬೇಕು. ಚೀಲ ಕಟ್ಟುವುದು, ರೂಮು ಬಿಡುವುದು, ಸ್ಟೇಷನ್ನು ಹುಡುಕುವುದು, ಹೊಸ ರೂಮು ಸಿಗುವತನಕ ಚೀಲ ಎಲ್ಲಿಡಲಿ ಎಂದು ಒದ್ದಾಡುವುದು. ಏಳು ಊರಿಗೆ ಆರು ಬದಲಾವಣೆ, ಅಲ್ಲಿಗೆ ಮೂರು ದಿನ ಹೋಯಿತು. ಹೋಗಿಬರುವ ವಿಮಾನಕ್ಕೆ ಎರಡು. ಉಳಿದದ್ದು ಏಳು ದಿನ, ಊರಿಗೊಂದು ದಿನ. ಕೊಟ್ಟೂರಿನ ಸಂತೆಗೇ ಒಂದು ದಿನ ಸಾಲುವುದಿಲ್ಲ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನಿವೃತ್ತಿಯಾದ ಮರುವರ್ಷ, 2012ರಲ್ಲಿ, ನಾನೂ ಒಂದು ಗುಂಪಿನ ಜೊತೆ ಹೋಗಿದ್ದೆ. ಬಸ್ಸಿಳಿ, ಫೋಟೊ ತೆಗೆ, ಬಸ್ಸು ಹತ್ತು. ಮಧ್ಯಾಹ್ನ ಅನ್ನ-ಸಾರಿನ ಹೋಟೆಲು ಹುಡುಕುವುದರಲ್ಲೇ ಒಂದೂವರೆ ತಾಸು. ವಾಪಸು ಬಂದ ಮೇಲೆ ಫೋಟೊ ತೋರಿಸುತ್ತ, ಇದು ಯಾವ ಊರು ಎಂದು ನಿನ್ನ ಅಪ್ಪ ಕೇಳಿದರೆ ನನಗೇ ಗೊತ್ತಾಗಲಿಲ್ಲ. ನೆನಪಿನಲ್ಲಿ ಉಳಿದದ್ದು ಒಂದೇ, ರೋಮಿನ ಪ್ಯಾಂಥಿಯನ್. ಅದೂ ನಮ್ಮ ಬಸ್ಸು ಕೆಟ್ಟು ನಿಂತಿದ್ದರಿಂದ! ಎರಡು ತಾಸು ಎಲ್ಲಿಗೂ ಹೋಗುವಂತಿರಲಿಲ್ಲ, ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ. ಸುಮಾರು 1,900 ವರ್ಷದ ಕಟ್ಟಡ. ಗುಮ್ಮಟದ ಅಗಲ 43 ಮೀಟರು, ನೆಲದಿಂದ ಅದರ ನೆತ್ತಿಗೂ ಅಷ್ಟೇ. ಕಬ್ಬಿಣದ ಒಂದು ಸರಳೂ ಇಲ್ಲದ ಗಾರೆ. ನೆತ್ತಿಯಲ್ಲಿ ದೊಡ್ಡದೊಂದು ಗವಾಕ್ಷಿ, ಅದಕ್ಕೆ ಮುಚ್ಚಳವಿಲ್ಲ. ನಾನು ನಿಂತಿದ್ದಾಗ ಮಳೆ ಬಂತು. ನಮ್ಮ ಹಳೆ ಮನೆಯ ಬೆಳಕಿಂಡಿಯಿಂದ ಬಿದ್ದಂತೆ ಮಳೆ ಸೀದಾ ನಡುಮನೆಗೆ ಬಿತ್ತು. ನೆಲದಲ್ಲಿ ಕೊರೆದ ಸಣ್ಣ ತೂತುಗಳಲ್ಲಿ ನೀರು ಇಳಿದುಹೋಯಿತು. ಅದನ್ನು ನೋಡುತ್ತ ನಿಂತವನಿಗೆ ಬಸ್ಸು ರಿಪೇರಿಯಾದದ್ದೇ ತಿಳಿಯಲಿಲ್ಲ. ಆಗ ಅಲ್ಲಿ ಟಿಕೆಟ್ ಇರಲಿಲ್ಲ, 2023ರಿಂದ ಇದೆಯಂತೆ. ಕೊಟ್ಟು ಹೋಗು.

ನಮ್ಮ ಕಡೆ ಒಂದು ಮಾತಿದೆಯಲ್ಲ, ಉಜ್ಜಿನಿ ಒಳಗೆ ನೋಡು, ಹಂಪಿ ಹೊರಗೆ ನೋಡು ಅಂತ. ಮರುಳಸಿದ್ಧೇಶ್ವರನ ಗುಡಿಯ ಕೆತ್ತನೆ ಒಳಗಿದೆ, ಹಂಪಿಯ ವೈಭವ ಬಯಲಲ್ಲಿ ಹರಡಿದೆ. ಯಾವುದನ್ನು ಎಲ್ಲಿ ನಿಂತು ನೋಡಬೇಕೆಂದು ನಮ್ಮ ಹಿರಿಯರು ಒಂದೇ ಸಾಲಿನಲ್ಲಿ ಹೇಳಿಬಿಟ್ಟರು. ಅಲ್ಲೂ ಹಾಗೇ. ಐಫೆಲ್ ಗೋಪುರ ಹೊರಗಿನಿಂದ ನೋಡುವಂಥದ್ದು, ದೂರದ ಸೇತುವೆಯ ಮೇಲೆ ನಿಂತರೆ ಸಾಕು. ಪ್ಯಾಂಥಿಯನ್ ಒಳಗಿನಿಂದ. ವೆನಿಸ್ ಎರಡೂ ಅಲ್ಲ, ದಾರಿ ತಪ್ಪಿ ನೋಡುವ ಊರು.

ಹಾಗಾದರೆ ಯಾವ ಮೂರು? ನನ್ನ ಆಯ್ಕೆಯಲ್ಲಿ ಸ್ವಲ್ಪ ಸ್ವಾರ್ಥವಿದೆ, ಒಪ್ಪುತ್ತೇನೆ. ಸುಮಾರು 1520ರಲ್ಲಿ ಡೊಮಿಂಗೊ ಪಯಸ್ ಎಂಬ ಪೋರ್ಚುಗೀಸರವನು ಹಂಪಿಗೆ ಬಂದ. ಗುಡ್ಡ ಹತ್ತಿ ನೋಡಿದ, ಊರು ಒಂದೇ ನೋಟಕ್ಕೆ ಸಿಗಲಿಲ್ಲ. ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದು ಎಂದು ಬರೆದ. ಕೃಷ್ಣದೇವರಾಯ ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಮೈಗೂ ಬಳಿದುಕೊಂಡು ಸಾಮು ಮಾಡುತ್ತಿದ್ದುದನ್ನೂ ಬರೆದ. ಆ ಬರಹದ ಹಸ್ತಪ್ರತಿ ಇರುವುದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ. 1900ರಲ್ಲಿ ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದದ್ದರಿಂದ ನಮಗೆ ತಿಳಿಯಿತು. ಹಸ್ತಪ್ರತಿಯನ್ನು ನಿನ್ನ ಕೈಗೆ ಕೊಡುವುದಿಲ್ಲ, ಆಸೆ ಬೇಡ. ಆದರೆ ಅದೇ ಗ್ರಂಥಾಲಯದ ಹಳೆಯ ರಿಶಲ್ಯೂ ಕಟ್ಟಡದ ಅಂಡಾಕಾರದ ಓದುಕೋಣೆಗೆ ಯಾರು ಬೇಕಾದರೂ ಪುಕ್ಕಟೆ ಹೋಗಿ ಕೂರಬಹುದು. ಅಜ್ಜನ ಹೆಸರಿನಲ್ಲಿ ಒಂದು ತಾಸು ಕೂತು ಬಾ. ಪಯಸ್‌ನಿಗಿಂತ ನೂರು ವರ್ಷ ಮೊದಲು ವಿಜಯನಗರಕ್ಕೆ ಬಂದಿದ್ದ ನಿಕೊಲೊ ಕೊಂಟಿ ವೆನಿಸ್ಸಿನ ಪಕ್ಕದ ಕಿಯೋಜಾದವನು. ರೋಮ್ ಅಂತೂ ಪಯಸ್ ನಮ್ಮನ್ನು ಹೋಲಿಸಿದ ಊರೇ. ಪ್ಯಾರಿಸ್, ವೆನಿಸ್, ರೋಮ್. ಊರಿಗೆ ಮೂರು ದಿನ ಸಿಗುತ್ತದೆ.

ಕಾಗದಪತ್ರದ ಮಾತು ಈಗ. ಶೆಂಗೆನ್ ವೀಸಾ 29 ದೇಶಗಳಿಗೆ ಒಂದೇ. ಹೆಚ್ಚು ದಿನ ಉಳಿಯುವ ದೇಶದ ಹೆಸರಿನಲ್ಲಿ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ನಿನ್ನದೊಂದು ವಿಶೇಷ ತೊಡಕಿದೆ. ನೀನು ಹುಟ್ಟಿದ್ದು ನಿನ್ನ ತಾಯಿಯ ತವರು ಹರಪನಹಳ್ಳಿಯಲ್ಲಿ. ಆ ತಾಲ್ಲೂಕು ಮೊದಲು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜನನ ಪತ್ರದಲ್ಲಿ ಒಂದು ಜಿಲ್ಲೆ, ಆಧಾರ್‌ನಲ್ಲಿ ಇನ್ನೊಂದು. ಗುಮ್ಮಟ ಕಟ್ಟಿದವರಿಗೂ ಇದು ಅರ್ಥವಾಗಲಿಕ್ಕಿಲ್ಲ. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅಕ್ಷರಕ್ಕೆ ಅಕ್ಷರ ಅದನ್ನೇ ಅರ್ಜಿಯಲ್ಲಿ ತುಂಬು. ಹೊಸ ಜಿಲ್ಲೆಯ ಅಭಿಮಾನ ಅಲ್ಲಿ ತೋರಿಸಬೇಡ.

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಅನಾವರಣ ಮಾಡಿದ್ದು. ಅದಕ್ಕೊಂದು ಕೈ ಮುಗಿದು ಬಾ ಎಂದು ಅಜ್ಜಿಯ ಅಪ್ಪಣೆ. ಶೆಂಗೆನ್ ವೀಸಾದಲ್ಲಿ ಇಂಗ್ಲೆಂಡಿಗೆ ಹೋಗಲಾಗದು, ಅದರ ವೀಸಾನೇ ಬೇರೆ. ಅಜ್ಜಿಗೆ ತಿಳಿಸಿ ಹೇಳುವ ಕಷ್ಟ ನನಗಿರಲಿ.

ತಿಂಡಿಯ ಡಬ್ಬಿಯ ವಿಷಯದಲ್ಲೂ ಅಜ್ಜಿಯ ಮಾತು ಕೇಳಬೇಡ. ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಅಲ್ಲಿಗೆ ಒಯ್ಯುವಂತಿಲ್ಲ. ಪೇಡ, ತುಪ್ಪ ಇಲ್ಲೇ ಇರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟುಕೊ, ಸಾಕು. ಮಂಡಕ್ಕಿ-ಮಿರ್ಚಿ ಬಂದ ಮೇಲೆ ತಿನ್ನುವೆಯಂತೆ. ಇಟಲಿಯಲ್ಲಿ ಕಾಫಿಯನ್ನು ಕಟ್ಟೆಯ ಮುಂದೆ ನಿಂತು ಕುಡಿದರೆ ಒಂದು ದರ, ಕುರ್ಚಿಯಲ್ಲಿ ಕೂತರೆ ಹೆಚ್ಚಿನ ದರ. ನಮ್ಮ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಹಾಗೆ ನಿಂತೇ ಕುಡಿ. ರೋಮಿನಲ್ಲಿ ನೀರಿಗೆ ದುಡ್ಡು ಕೊಡಬೇಡ, ಬೀದಿ ನಲ್ಲಿಗಳಲ್ಲಿ ಹಗಲೂ ರಾತ್ರಿ ಕುಡಿಯುವ ನೀರು ಹರಿಯುತ್ತದೆ. ಎಲ್ಲರೂ ನಾಣ್ಯ ಎಸೆಯುವ ಟ್ರೆವಿ ಕಾರಂಜಿಗೆ ಬರುವುದು ಕ್ರಿ.ಪೂ. 19ರಲ್ಲಿ ತೋಡಿದ ಕಾಲುವೆಯ ನೀರು, ನಡುವೆ ಹಲವು ಸಲ ದುರಸ್ತಿಯಾಗಿದೆ. ಹೊಸಪೇಟೆಯ ಬಸವಣ್ಣ ಕಾಲುವೆಯಲ್ಲಿ ವಿಜಯನಗರದ ಕಾಲದಿಂದ ನೀರು ಹರಿಯುತ್ತಿಲ್ಲವೇ? ನಾಣ್ಯಕ್ಕಿಂತ ಆ ನೀರನ್ನು ನೋಡು.

ಜೇಬುಗಳ್ಳರು. ನಲವತ್ತು ವರ್ಷ ಕೊಟ್ಟೂರೇಶ್ವರನ ತೇರಿನ ನೂಕುನುಗ್ಗಲಿನಲ್ಲಿ ನಿಂತವನು, ನನ್ನ ಜೇಬಿಗೆ ಯಾರು ಕೈ ಹಾಕಿಯಾರು ಎಂಬ ಸೊಕ್ಕಿತ್ತು. ಅಲ್ಲಿನ ಮೆಟ್ರೊ ಒಂದರಲ್ಲಿ ಎರಡೇ ನಿಲ್ದಾಣಕ್ಕೆ ಪರ್ಸು ಹೋಯಿತು. ತೇರಿನ ಕಳಸ ನೋಡಲು ಕತ್ತೆತ್ತಿದಾಗ ಇಲ್ಲಿ ಹೇಗೆ ಹೋಗುತ್ತದೋ ಅಲ್ಲೂ ಹಾಗೇ, ಬಾಗಿಲ ಮೇಲಿನ ನಕ್ಷೆ ನೋಡಲು ಕತ್ತೆತ್ತಿದೆ. ಸಹಿ ಹಾಕಿ ಎಂದು ಕಾಗದ ಹಿಡಿದು ಬರುವವರು, ಕೈಗೆ ದಾರ ಕಟ್ಟುವವರು, ಯಾರಿಗೂ ನಿಲ್ಲಬೇಡ. ಪಾಸ್‌ಪೋರ್ಟಿನ ನಕಲು ಅಪ್ಪನ ಹತ್ತಿರವೂ ಇರಲಿ.

ಚರ್ಚುಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಒಳಗೆ ಹೋದ ಮೇಲೆ ಹೇಗಿರಬೇಕೆಂದು ನಿನಗೆ ಹೇಳಬೇಕಿಲ್ಲ. ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಮೈಲಾರದ ಕಾರಣಿಕ ನೋಡಿದವಳು ನೀನು. ಬಿಲ್ಲೇರಿದ ಗೊರವಯ್ಯ ‘ಸದ್ದಲೇ’ ಎಂದ ಕೂಡಲೇ ಲಕ್ಷ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರಲ್ಲ, ಆ ಮೌನ ಅಲ್ಲಿ ನಿನ್ನೊಳಗೆ ಇರಲಿ. ಪ್ಯಾರಿಸ್ಸಿನಲ್ಲಿ ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಅನ್ನು, ಆಮೇಲೆ ಮಾತು. ಅನ್ನದಿದ್ದರೆ ಒರಟರೆಂದು ತಿಳಿಯುತ್ತಾರೆ, ನಮ್ಮಲ್ಲಿ ಮನೆಗೆ ಬಂದವರು ಆರಾಮಿದ್ದೀರಾ ಎಂದು ಕೇಳದೆ ಕೂತರೆ ಹೇಗೋ ಹಾಗೆ. ಸಣ್ಣ ಊರುಗಳ ಚೌಕದಲ್ಲಿ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲುಗಳಿರುತ್ತವೆ. ಕೂಡ್ಲಿಗಿಯ ಹುತಾತ್ಮರ ಸ್ಮಾರಕದ ಮುಂದೆ ಶಾಲೆಯ ಮಕ್ಕಳನ್ನು ನಿಲ್ಲಿಸುತ್ತಿದ್ದೆನಲ್ಲ, ಹಾಗೇ ಒಂದು ನಿಮಿಷ ನಿಲ್ಲು.

ಫೋಟೊ ತೆಗೆಯಬೇಡ ಅನ್ನುವುದಿಲ್ಲ, ಅಂದರೆ ನೀನು ಕೇಳುವವಳೂ ಅಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊ. ರಾತ್ರಿ ನಾಲ್ಕೇ ಸಾಲು. ಬ್ರೆಡ್ಡಿನ ಬೆಲೆ ಎಷ್ಟು, ಮುದುಕರು ಸಂಜೆ ಎಲ್ಲಿ ಕೂರುತ್ತಾರೆ, ಕಸ ಯಾವಾಗ ಒಯ್ಯುತ್ತಾರೆ. ಪಯಸ್ ಬರೀ ಅರಮನೆ ಬರೆದಿದ್ದರೆ ಯಾರು ಓದುತ್ತಿದ್ದರು? ಎಳ್ಳೆಣ್ಣೆ ಬರೆದ, ಅದಕ್ಕೇ ಐನೂರು ವರ್ಷ ಉಳಿದ.

ಇನ್ನೊಂದು. ಕತ್ತೆತ್ತಿ ನಿಧಾನ ನೋಡುವುದಕ್ಕೂ ರೂಢಿ ಬೇಕು, ವಿಮಾನ ಹತ್ತಿದ ಕೂಡಲೇ ಬರುವಂಥದ್ದಲ್ಲ. ಹಡಗಲಿ ತಾಲ್ಲೂಕಿನ ಕುರುವತ್ತಿ ಮಲ್ಲಿಕಾರ್ಜುನನ ಗುಡಿಯ ಮದನಿಕೆಯರನ್ನು ನೀನು ಇನ್ನೂ ನೋಡಿಲ್ಲ. ಚಾಲುಕ್ಯರ ಕಾಲದವು, ಸಾವಿರ ವರ್ಷದ ಹತ್ತಿರ ಬಂತು. ಮುಂದಿನ ಭಾನುವಾರ ನೀನು ಬರುವವಳಿದ್ದೀಯಲ್ಲ, ಬೆಳಿಗ್ಗೆ ಏಳಕ್ಕೆ ಹೊರಡೋಣ. ದಾರಿಯಲ್ಲಿ ಹಡಗಲಿ ಮಲ್ಲಿಗೆ ಒಂದು ಮೊಳ ತರಬೇಕಂತೆ ಅಜ್ಜಿಗೆ. ಫೋನು ಮನೆಯಲ್ಲೇ ಬಿಟ್ಟು ಬಾ.