ಸದ್ದಿಲ್ಲದ ಗುಂಡಿ: ಬಟ್ಟೆಗೆ, ಚೀಲಕ್ಕೆ ಅಯಸ್ಕಾಂತ ಹೊಲಿಯುವ ಪಾಠ



ಹೊಲಿಗೆ ಬಾರದವರೇ ಇರುವ ಸಂಘ ನಮ್ಮಲ್ಲಿ ಸಿಗುವುದು ಕಷ್ಟ. ಶಿವಮೊಗ್ಗದ ಬಡಾವಣೆಗಳಲ್ಲಿ, ಭದ್ರಾವತಿಯ ಹಳೇನಗರದಲ್ಲಿ, ಕಾಗದನಗರದಲ್ಲಿ ಬೀದಿಗೆ ಇಬ್ಬರು ಮೂವರು ಮಷಿನ್ ಇಟ್ಟುಕೊಂಡಿದ್ದೀರಿ. ಮಾಚೇನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದವರ ಕೈಯಂತೂ ಬಹಳ ಚುರುಕು. ಆದರೆ ಕೆಲಸ ಬಲ್ಲವರು ಹೆಚ್ಚಾದಂತೆ ಕೂಲಿ ಇಳಿಯುತ್ತದೆ. ಬ್ಲೌಸು, ಫಾಲ್ಸು, ಪಿಕೋ ಎಲ್ಲರೂ ಮಾಡ್ತಾರೆ. "ಸಿಸ್ಟರ್, ಬೇರೆಯವರು ಮಾಡದ ಒಂದು ಕೆಲಸ ಇದ್ರೆ ಹೇಳಿಕೊಡಿ" ಎಂದು ಸಭೆಗಳಲ್ಲಿ ಕೇಳುತ್ತಲೇ ಇರುತ್ತೀರಿ. ಈ ಪಾಠ ಅಂಥ ಒಂದು ಕೆಲಸದ ಬಗ್ಗೆ. ಹುಕ್ಕು, ಗುಂಡಿ, ಟಿಚ್ ಬಟನ್, ಜಿಪ್ ಇವುಗಳ ಬದಲು ಬಟ್ಟೆಯ ಒಳಗೆ ಅಯಸ್ಕಾಂತ, ಅಂದರೆ ಮ್ಯಾಗ್ನೆಟ್ ಇಟ್ಟು ಹೊಲಿಯುವುದು.

ಇದೇನು ಶೋಕಿಯ ಕೆಲಸವೇ ಎಂದು ಕೇಳಬಹುದು. ಪರ್ಸಿಗೆ ಹಾಕಿದರೆ ಶೋಕಿಯೇ ಸರಿ. ಆದರೆ ಬಟ್ಟೆಗೆ ಹಾಕುವಾಗ ವಿಷಯ ಬೇರೆ. 2006ರಲ್ಲಿ ಚಿಕುನ್‌ಗುನ್ಯಾ ಬಂದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಜ್ವರ ನಾಲ್ಕು ದಿನದಲ್ಲಿ ಬಿಟ್ಟರೂ ಬೆರಳು ಮಡಚೋಕೆ ತಿಂಗಳುಗಟ್ಟಲೆ ಆಗುತ್ತಿರಲಿಲ್ಲ. ಆಗ ಹುಕ್ಕು ಹಾಕೋಕೆ ಮಗಳನ್ನೋ ಸೊಸೆಯನ್ನೋ ಕರೆಯಬೇಕಿತ್ತು. ಸಂಧಿವಾತ ಇರುವವರಿಗೆ, ಲಕ್ವ ಹೊಡೆದು ಒಂದು ಕೈ ಬಿದ್ದುಹೋದವರಿಗೆ, ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಯವರಿಗೆ ಈ ಕಷ್ಟ ದಿನವೂ ಇದೆ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣದ ಜೊತೆ ಗುದ್ದಾಡಿದ ಗಂಡಸು ಅಂಗಿಯ ಗುಂಡಿಗೆ ಹೆಂಡತಿಯ ಮುಂದೆ ಎದೆಯೊಡ್ಡಿ ನಿಲ್ಲಬೇಕಾದಾಗ ಅವನ ಮನಸ್ಸಿಗೆ ಏನಾಗುತ್ತದೆ? ಬಾಯಿ ಬಿಟ್ಟು ಹೇಳುವುದಿಲ್ಲ, ಸುಮ್ಮನೆ ಹೊರಗೆ ಹೋಗೋದನ್ನೇ ಬಿಡ್ತಾನೆ. ಇಂಥ ಮನೆಗಳನ್ನು ನಾವು ಕಂಡಿದ್ದೇವೆ, ನೀವೂ ಕಂಡಿದ್ದೀರಿ.

ಅಮೆರಿಕದಲ್ಲಿ ಮೌರಾ ಹಾರ್ಟನ್ ಎಂಬ ಗೃಹಿಣಿ ಇದೇ ಕಷ್ಟದಿಂದ ಒಂದು ಉದ್ಯಮ ಕಟ್ಟಿದರು. ಅವರ ಪತಿ ಡಾನ್ ಹಾರ್ಟನ್ ಕಾಲೇಜು ಫುಟ್‌ಬಾಲ್ ತಂಡದ ತರಬೇತುದಾರ. ಪಾರ್ಕಿನ್ಸನ್ ಬಂದ ಮೇಲೆ ಒಂದು ಪಂದ್ಯ ಮುಗಿದಾಗ ತನ್ನ ಅಂಗಿಯ ಗುಂಡಿ ತಾನೇ ಹಾಕಲಾಗದೆ ನಿಂತರು. ತಂಡದ ಆಟಗಾರನೊಬ್ಬ ಬಂದು ಹಾಕಿಕೊಟ್ಟ. ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡರು. ಆಕೆ ಯೋಚಿಸಿ, ಹೊರಗಿನಿಂದ ನೋಡಿದರೆ ಮಾಮೂಲಿ ಗುಂಡಿಯ ಅಂಗಿಯಂತೆಯೇ ಕಾಣುವ, ಒಳಗೆ ಮಾತ್ರ ಮ್ಯಾಗ್ನೆಟ್ ಇರುವ ಅಂಗಿ ಮಾಡಿದರು. 2010ರ ನಂತರದ ವರ್ಷಗಳಲ್ಲಿ ಅದು ಮಾರುಕಟ್ಟೆಗೆ ಬಂತು. ಕಾಯಿಲೆಯವರ ಅಂಗಿ ಕಾಯಿಲೆಯವರ ಅಂಗಿಯಂತೆ ಕಾಣಬಾರದು ಎನ್ನುವ ಆಕೆಯ ಜಾಣತನ ನಮಗೆ ಬಹಳ ಹಿಡಿಸಿತು.

ವೆಲ್ಕ್ರೋ ಇದೆಯಲ್ಲ, ಅದು ಸಾಲದೇ? ವೆಲ್ಕ್ರೋ ಒಳ್ಳೆಯದೇ. ಗದ್ದೆ ಬದುವಿನಲ್ಲಿ ನಡೆದರೆ ಉತ್ತರಾಣಿ ಬೀಜ ಸೀರೆ ಅಂಚಿಗೆ ಕಚ್ಚಿಕೊಳ್ಳುತ್ತಲ್ಲ, ಹಾಗೆಯೇ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಎಂಬ ಎಂಜಿನಿಯರ್ 1941ರಲ್ಲಿ ಆ ಯೋಚನೆ ಹಿಡಿದರು. ಅದಕ್ಕಿರುವ ದೋಷ ಎರಡು. ದಾರ, ಕೂದಲು ತುಂಬಿಕೊಂಡು ಕೆಲವು ತಿಂಗಳಲ್ಲಿ ಹಿಡಿತ ಹೋಗುತ್ತದೆ. ಮತ್ತೆ ಬಿಚ್ಚುವಾಗ ಚರ್ರ್ ಅಂತ ಸದ್ದು. ಮಲಗಿದ ಮಗುವಿನ ಪಕ್ಕ, ರೋಗಿಯ ಮಂಚದ ಪಕ್ಕ, ತರಗತಿಯಲ್ಲಿ ಆ ಸದ್ದು ಬೇಡ. ಕೆಲವು ಬುದ್ಧಿಮಾಂದ್ಯ ಮಕ್ಕಳು, ಆಟಿಸಂ ಇರುವ ಮಕ್ಕಳು ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುತ್ತವೆ. ಬಟ್ಟೆಯೊಳಗೆ ಮುಚ್ಚಿಟ್ಟ ಮ್ಯಾಗ್ನೆಟ್ಟು ತೆರೆಯುವಾಗಲೂ ಮುಚ್ಚುವಾಗಲೂ ಸದ್ದು ಮಾಡುವುದಿಲ್ಲ ಎಂದರೆ ನಡೆಯುತ್ತದೆ.

ಯಾವ ಮ್ಯಾಗ್ನೆಟ್ ಕೊಳ್ಳಬೇಕು?

ರೇಡಿಯೋ ಸ್ಪೀಕರಿನ ಹಿಂದಿರುವ ಕಪ್ಪು ಮ್ಯಾಗ್ನೆಟ್ ಫೆರೈಟ್. ಅಗ್ಗ, ಆದರೆ ದಪ್ಪ, ಭಾರ. ಬಟ್ಟೆಗೆ ಆಗುವುದಿಲ್ಲ. ಅದೇ ಫೆರೈಟ್ ಪುಡಿಯನ್ನು ರಬ್ಬರಿನಲ್ಲಿ ಕಲಸಿ ಮಾಡಿದ್ದು ಬಳುಕುವ ಮ್ಯಾಗ್ನೆಟ್ ಪಟ್ಟಿ. ಫ್ರಿಜ್ ಬಾಗಿಲಿನ ಸುತ್ತ ರಬ್ಬರಿನೊಳಗೆ ಇರುವುದು ಅದೇ. ಹಿಂದೆ ಫ್ರಿಜ್ಜಿಗೆ ಹೊರಗಿನಿಂದ ಚಿಲಕ ಇರುತ್ತಿತ್ತು. ಆಟವಾಡುತ್ತಾ ಬಿಸಾಡಿದ ಫ್ರಿಜ್ಜಿನೊಳಗೆ ಹೊಕ್ಕ ಮಕ್ಕಳು ಉಸಿರು ಕಟ್ಟಿ ಸತ್ತ ಮೇಲೆ, ಒಳಗಿನಿಂದಲೂ ತೆರೆಯುವಂತಿರಬೇಕೆಂದು ಅಮೆರಿಕದಲ್ಲಿ 1956ರಲ್ಲಿ ಕಾನೂನು ಬಂತು, ಚಿಲಕದ ಜಾಗಕ್ಕೆ ಮ್ಯಾಗ್ನೆಟ್ ಬಂತು. ಈ ಪಟ್ಟಿಯನ್ನು ಕತ್ತರಿಯಿಂದಲೇ ಕತ್ತರಿಸಬಹುದು, ಮಡಚಬಹುದು. ಆದರೆ ನಡುವೆ ಎರಡು ಪದರ ಬಟ್ಟೆ ಬಂತೆಂದರೆ ಶಕ್ತಿ ಉಳಿಯುವುದಿಲ್ಲ. ಹಗುರ ಪೌಚಿಗೆ ಸರಿ, ಅಂಗಿಗೆ ಸಾಲದು.

ಮೂರನೆಯದು ನಿಯೋಡಿಮಿಯಂ. ಬೆಳ್ಳಿಯಂತೆ ಹೊಳೆಯುವ ಪುಟ್ಟ ಬಿಲ್ಲೆ. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾತೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯವರು ಬೇರೆ ಬೇರೆಯಾಗಿ ಕಂಡುಹಿಡಿದದ್ದು. ಎರಡು ಮಿಲಿಮೀಟರ್ ದಪ್ಪದ ಬಿಲ್ಲೆ ಬಟ್ಟೆಯ ಆಚೆಯಿಂದಲೂ ಬಲವಾಗಿ ಎಳೆಯುತ್ತದೆ. ಹೆಸರು ಏನೇ ಇರಲಿ, ಅದರಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ. ಮೇಲಿನ ಲೇಪ ಒಡೆದರೆ ತುಕ್ಕು ಹಿಡಿಯುತ್ತದೆ, ಬಿಳಿ ಬಟ್ಟೆಗೆ ಕಲೆ ಬೀಳುತ್ತದೆ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರಿಗೆ, ಅದೂ ಮಲೆನಾಡಿನ ಮಳೆಯಲ್ಲಿ, ತುಕ್ಕಿನ ವಿಷಯ ನಾವು ಹೇಳಿಕೊಡಬೇಕೇ! ಆದ್ದರಿಂದ ಹೊಲಿಗೆಗೆಂದೇ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಬರುವ ಬಿಲ್ಲೆಗಳನ್ನೇ ಕೇಳಿ. ಸುತ್ತಲಿನ ಪ್ಲಾಸ್ಟಿಕ್ ಅಂಚಿಗೆ ಸೂಜಿ ಚುಚ್ಚಿ ಹೊಲಿಯಬಹುದು. ಬಿಲ್ಲೆ ಗಟ್ಟಿಯಾದರೂ ಬಿಡಿಬಿಡಿಯಾಗಿ ಮೂರು ನಾಲ್ಕು ಬೆರಳು ಅಂತರದಲ್ಲಿ ಹೊಲಿದಾಗ ಪಟ್ಟಿ ಬಳುಕುತ್ತದೆ, ಕೂತರೆ ಬಗ್ಗಿದರೆ ಚುಚ್ಚುವುದಿಲ್ಲ.

ಹೊಲಿಯುವ ಕ್ರಮ

ಹೊಸಬರು ಎಡವುವುದು ಒಂದೇ ಕಡೆ, ಮುಖ ತಿರುಗುಮುರುಗಾಗಿ. ಹೊಲಿದು ಮುಗಿಸಿ ನೋಡಿದರೆ ಎರಡೂ ಒಂದನ್ನೊಂದು ದೂಡುತ್ತವೆ. ಉಪಾಯ ಇದು: ಎಲ್ಲಾ ಬಿಲ್ಲೆಗಳನ್ನು ಒಂದರ ಮೇಲೊಂದು ಕಂಬದ ಹಾಗೆ ಅಂಟಿಸಿ. ಮೇಲಿನಿಂದ ಒಂದೊಂದೇ ತೆಗೆಯುತ್ತಾ ಪ್ರತಿಯೊಂದರ ಮೇಲ್ಮುಖಕ್ಕೆ ನೈಲ್ ಪಾಲಿಶ್ ಚುಕ್ಕೆ ಇಡಿ. ಅಂಗಿಗೆ ಹಾಕುವಾಗ ಮೇಲಿನ ಪಟ್ಟಿಯ ಚುಕ್ಕೆಯೂ ಕೆಳಗಿನ ಪಟ್ಟಿಯ ಚುಕ್ಕೆಯೂ ಹೊರಗೆ, ಅಂದರೆ ಎದುರಿಗೆ ನಿಂತವರ ಕಡೆಗೆ ಇರಲಿ. ಚೀಲದ ಬಾಯಿಗೂ ಅಷ್ಟೇ, ಎರಡು ಚುಕ್ಕೆಯೂ ಒಂದೇ ದಿಕ್ಕು ನೋಡಬೇಕು. ಕೈ ಪಳಗಿದ ಮೇಲೆ ಒಂದು ಜೋಡಿ ಚುಕ್ಕೆ ಹೊರಗೆ, ಮುಂದಿನ ಜೋಡಿ ಚುಕ್ಕೆ ಒಳಗೆ ಹೀಗೆ ಬದಲಿಸುತ್ತಾ ಹೋಗಿ. ಆಗ ಗುಂಡಿ ತಪ್ಪಿ ಪಕ್ಕದ ಗುಂಡಿಗೆ ಹಾಕಿದಂತೆ ಆಗುವುದಿಲ್ಲ. ತಪ್ಪು ಜೋಡಿ ತಾನೇ ದೂಡುತ್ತದೆ.

ಮಷಿನ್ ಸೂಜಿ, ಪಾದ ಎಲ್ಲ ಉಕ್ಕು. ಮ್ಯಾಗ್ನೆಟ್ ಹತ್ತಿರ ಬಂದರೆ ಬಟ್ಟೆಯೇ ಪಾದಕ್ಕೆ ಅಂಟಿಕೊಳ್ಳುತ್ತದೆ, ಸೂಜಿ ವಾಲಿ ಮುರಿಯುತ್ತದೆ. ಅದಕ್ಕೆ ಮೊದಲು ತೆಳು ಲೈನಿಂಗ್ ಬಟ್ಟೆಯಿಂದ ಮೂರು ಬದಿ ಮಷಿನ್ ಹೊಲಿಗೆ ಹಾಕಿ ಪುಟ್ಟ ಜೇಬು ಮಾಡಿ. ಆಮೇಲೆ ಬಿಲ್ಲೆ ತೂರಿಸಿ, ಬಾಯಿಯನ್ನು ಕೈಹೊಲಿಗೆಯಲ್ಲಿ ಮುಚ್ಚಿ. ಹಳೇ ಅಂಗಿಯನ್ನೇ ಬದಲಿಸುವುದಾದರೆ ಕೆಳಪಟ್ಟಿಯ ಗುಂಡಿಗಳನ್ನು ಕಿತ್ತು ಮೇಲ್ಪಟ್ಟಿಯ ಕಾಜದ ಮೇಲೆ ಹೊಲಿದುಬಿಡಿ. ನೋಡುವವರಿಗೆ ಗುಂಡಿ ಹಾಕಿದ ಅಂಗಿಯೇ.

ಇನ್ನು ಎಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ ಎನ್ನುವುದು. ಎರಡು ಮ್ಯಾಗ್ನೆಟ್ಟನ್ನು ನೇರವಾಗಿ ಎಳೆದು ಬಿಡಿಸೋದು ಕಷ್ಟ, ಆದರೆ ಪಕ್ಕಕ್ಕೆ ಜಾರಿಸಿದರೆ ಸಲೀಸಾಗಿ ಬಿಡುತ್ತವೆ. ಮೈಗೆ ಬಿಗಿಯಾದ ಬ್ಲೌಸಿನಲ್ಲಿ ಎಳೆತ ಇರುವುದೆಲ್ಲ ಪಕ್ಕಕ್ಕೇ. ಉಸಿರು ಜೋರಾಗಿ ಎಳೆದರೆ ಸಾಕು, ತೆರೆದುಕೊಳ್ಳುತ್ತದೆ. ಹೆಣ್ಣುಮಕ್ಕಳ ಮಾನದ ಪ್ರಶ್ನೆ ಇದು, ಬಿಗಿ ಬ್ಲೌಸಿಗೆ ಹಾಕಲೇಬೇಡಿ. ಸಡಿಲವಾದ ನೈಟಿ, ಮುಂದೆ ತೆರೆಯುವ ಕುರ್ತಾ, ಗಂಡಸರ ಅಂಗಿ, ಜುಬ್ಬಾ ಇವಕ್ಕೆ ಹಾಕಬಹುದು. ಅಜ್ಜಿಯರಿಗೆ ಸಡಿಲ ರವಿಕೆ, ಅಗಲ ಪಟ್ಟಿ, ಕೆಳಗೆ ಒಂದೇ ಒಂದು ದೊಡ್ಡ ಹುಕ್ಕು ಇಟ್ಟರೆ ನಿಲ್ಲುತ್ತದೆ. ಲೇತ್, ಗ್ರೈಂಡಿಂಗ್ ಕೆಲಸದವರ ಅಂಗಿಗೂ ಬೇಡ, ಕಬ್ಬಿಣದ ಪುಡಿ ಗಡ್ಡದ ಹಾಗೆ ಬೆಳೆಯುತ್ತದೆ.

ಅಳತೆ ತೆಗೆಯುವ ಮೊದಲು ಕೇಳಬೇಕಾದ ಪ್ರಶ್ನೆ

ಈ ಭಾಗವನ್ನು ಸಭೆಯಲ್ಲಿ ಎರಡು ಸಲ ಜೋರಾಗಿ ಓದಿಸಿ. ಹೃದಯಕ್ಕೆ ಪೇಸ್‌ಮೇಕರ್ ಅಥವಾ ಶಾಕ್ ಕೊಡುವ ಯಂತ್ರ ಹಾಕಿಸಿಕೊಂಡವರಿಗೆ ಮ್ಯಾಗ್ನೆಟ್ ಬಟ್ಟೆ ಹೊಲಿಯಬಾರದು. ಆ ಯಂತ್ರವನ್ನು ಸಾಮಾನ್ಯವಾಗಿ ಭುಜದ ಮೂಳೆಯ ಕೆಳಗೆ, ಎದೆಯ ಚರ್ಮದಡಿ ಕೂರಿಸಿರುತ್ತಾರೆ. ಮ್ಯಾಗ್ನೆಟ್ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಬಡಿತ ಗಮನಿಸುವುದನ್ನು ಬಿಟ್ಟು ಒಂದೇ ಲೆಕ್ಕದಲ್ಲಿ ಬಡಿಯತೊಡಗುತ್ತದೆ. ಶಾಕ್ ಯಂತ್ರವಾದರೆ ಜೀವ ಉಳಿಸಬೇಕಾದ ಶಾಕನ್ನೇ ಕೊಡದೆ ಸುಮ್ಮನಾಗಬಹುದು. ವೈದ್ಯರು ಬೇಕೆಂದಾಗ ಮ್ಯಾಗ್ನೆಟ್ ಇಟ್ಟೇ ಹೀಗೆ ಮಾಡುವುದುಂಟು, ಅದಕ್ಕಾಗಿಯೇ ಯಂತ್ರವನ್ನು ಹಾಗೆ ರಚಿಸಿರುತ್ತಾರೆ. ಬಲವಾದ ಮ್ಯಾಗ್ನೆಟ್ ಇರುವ ವಸ್ತುಗಳನ್ನು ಯಂತ್ರದಿಂದ ಕನಿಷ್ಠ 15 ಸೆಂಟಿಮೀಟರ್, ಅಂದರೆ ಒಂದು ಗೇಣಿನಷ್ಟು ದೂರ ಇಡಬೇಕೆಂಬುದು ಸಾಮಾನ್ಯ ಸಲಹೆ. ಅಂಗಿಯ ಮೇಲಿನ ಗುಂಡಿಗಳು ಆ ಗೇಣಿನೊಳಗೇ ಬರುತ್ತವೆ.

ನೋಡಿ, ನಮ್ಮ ಕೆಲಸದ ಇಕ್ಕಟ್ಟು ಇಲ್ಲೇ ಇದೆ. ಮ್ಯಾಗ್ನೆಟ್ ಅಂಗಿ ಬೇಕಾದವರು ವಯಸ್ಸಾದವರು. ಪೇಸ್‌ಮೇಕರ್ ಇರುವವರಲ್ಲಿ ಹೆಚ್ಚಿನವರೂ ವಯಸ್ಸಾದವರೇ. ಆದ್ದರಿಂದ ಟೇಪ್ ಕೈಗೆ ತೆಗೆದುಕೊಳ್ಳುವ ಮೊದಲೇ, "ಅಜ್ಜಾ, ಎದೆಗೆ ಏನಾದ್ರೂ ಮಷಿನ್ ಹಾಕಿಸಿಕೊಂಡಿದೀರಾ? ಮನೇಲಿ ಯಾರಿಗಾದ್ರೂ ಇದೆಯಾ?" ಎಂದು ಕೇಳಿ. ಅಜ್ಜನಿಗೆ ನೆನಪಿಲ್ಲದಿದ್ದರೆ ಮಗನನ್ನು ಕೇಳಿ. ಪೇಸ್‌ಮೇಕರ್ ಹಾಕಿದಾಗ ಆಸ್ಪತ್ರೆಯವರು ಒಂದು ಗುರುತಿನ ಕಾರ್ಡ್ ಕೊಟ್ಟಿರುತ್ತಾರೆ. ತಲೆಯಲ್ಲಿ ನೀರು ಇಳಿಸುವ ಕೊಳವೆ, ಕಿವಿಯೊಳಗೆ ಕೂರಿಸಿದ ಯಂತ್ರ ಇದ್ದರೂ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಬೇಡವೆಂದರೆ ಬರಿಗೈಲಿ ಕಳಿಸಬೇಕಿಲ್ಲ, ದೊಡ್ಡ ಗುಂಡಿಗೆ ಎಲಾಸ್ಟಿಕ್ ಉಂಗುರ, ಅಗಲ ವೆಲ್ಕ್ರೋ ನಮ್ಮ ಕೈಲೇ ಇದೆಯಲ್ಲ.

ಪರ್ಸಿಗೆ ಏನಂತೆ ಎನ್ನಬೇಡಿ. ಶಿವಮೊಗ್ಗ-ಭದ್ರಾವತಿ ಬಸ್ಸಿನ ರಶ್ಶಿನಲ್ಲಿ ನಿಂತು ಹೋಗುವವರು ಪರ್ಸನ್ನು ಎಲ್ಲಿ ಹಿಡಿದಿರ್ತಾರೆ? ಎದೆಗವಚಿಕೊಂಡೇ. ಹಾಗಾಗಿ ಮಾರುವ ಪ್ರತಿಯೊಂದು ಚೀಲಕ್ಕೂ, "ಇದರಲ್ಲಿ ಅಯಸ್ಕಾಂತವಿದೆ, ಪೇಸ್‌ಮೇಕರ್ ಇರುವವರು ಬಳಸಬಾರದು" ಎಂಬ ಚೀಟಿ ಕಟ್ಟಿ. ಎಂ.ಆರ್.ಐ. ಸ್ಕ್ಯಾನ್ ಕೋಣೆಗೆ ಈ ಬಟ್ಟೆ ತೊಟ್ಟು ಹೋಗಬಾರದು ಎಂದೂ ಸೇರಿಸಿ. ಎ.ಟಿ.ಎಂ. ಕಾರ್ಡಿನ ಕಪ್ಪು ಪಟ್ಟಿ ಕೆಡಬಹುದಾದ್ದರಿಂದ ಕಾರ್ಡಿನ ಜೇಬು ಮ್ಯಾಗ್ನೆಟ್ಟಿನಿಂದ ದೂರವಿರಲಿ.

ಚಿಕ್ಕ ಮಕ್ಕಳ ಬಟ್ಟೆಗೆ, ಆಟದ ಸಾಮಾನಿಗೆ ಖಂಡಿತ ಬೇಡ. ಒಂದಕ್ಕಿಂತ ಹೆಚ್ಚು ಬಿಲ್ಲೆ ನುಂಗಿದರೆ ಕರುಳಿನ ಬೇರೆ ಬೇರೆ ಮಡಿಕೆಗಳಲ್ಲಿ ಕೂತು ಒಂದನ್ನೊಂದು ಎಳೆದು, ನಡುವಿನ ಕರುಳು ಸಿಕ್ಕಿ ತೂತಾಗುತ್ತದೆ. ಮಲದಲ್ಲಿ ಹೋಗುತ್ತೆ ಬಿಡಿ, ಬಾಳೆಹಣ್ಣು ತಿನ್ನಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ವಾಂತಿ ಮಾಡಿಸಲೂ ಹೋಗಬೇಡಿ. ನುಂಗಿದ ಅನುಮಾನ ಬಂದ ಗಳಿಗೆಯಲ್ಲೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಹೊಲಿಯುವ ಮನೆಯಲ್ಲಿ ಬಿಲ್ಲೆಗಳನ್ನು ಎಣಿಸಿ ಮುಚ್ಚಳದ ಡಬ್ಬಿಯಲ್ಲಿಡಿ, ಸಂಜೆ ಮತ್ತೆ ಎಣಿಸಿ.

ಗಿರಾಕಿಗೆ ಒಗೆಯುವ ಕ್ರಮವನ್ನೂ ಹೇಳಿಕೊಡಿ. ಒಗೆಯುವ ಕಲ್ಲಿಗೆ ಬಡಿದರೆ ಬಿಲ್ಲೆ ಗಾಜಿನಂತೆ ಸೀಳುತ್ತದೆ. ಕೈಯಲ್ಲಿ ಹಿಂಡಿ, ಗುಂಡಿ ಮುಚ್ಚಿಯೇ ಒಣಗಿಸಬೇಕು. ಸಾಮಾನ್ಯ ನಿಯೋಡಿಮಿಯಂ 80 ಡಿಗ್ರಿ ಶಾಖ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಇಸ್ತ್ರಿಪೆಟ್ಟಿಗೆ ಅದಕ್ಕಿಂತ ಎಷ್ಟೋ ಬಿಸಿ. ಪಟ್ಟಿಯ ಮೇಲೆ ಇಸ್ತ್ರಿ ಎಳೆಯಬಾರದು.

ಬೆಲೆಯ ವಿಷಯ. ಜೋಡಿಗೆ 20 ರೂಪಾಯಿ ಬಿತ್ತು ಎಂದಿಟ್ಟುಕೊಳ್ಳಿ. ಅಂಗಿಗೆ 6 ಜೋಡಿ, 120 ರೂಪಾಯಿ. ದಾರ, ಲೈನಿಂಗ್ 10. ಎರಡು ಗಂಟೆಯ ಕೆಲಸಕ್ಕೆ ಗಂಟೆಗೆ 60ರಂತೆ 120. ಒಟ್ಟು 250. ನಮ್ಮವರು ಕೊನೆಯ 120ನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, "ಮನೇಲೇ ಕೂತು ಮಾಡಿದ್ದು ತಾನೇ" ಅಂತಾರೆ. ಮನೆಯಲ್ಲಿ ಕೂತರೂ ಬೆನ್ನು ನೋಯುತ್ತದೆ, ಹಿಡಿಯಿರಿ. ಆದರೆ ಸಾಲ ತೆಗೆದು ಡಬ್ಬಿಗಟ್ಟಲೆ ಮ್ಯಾಗ್ನೆಟ್ ತರಿಸಬೇಡಿ. ಇದು ದೀಪಾವಳಿಯ ವ್ಯಾಪಾರವಲ್ಲ, ಬೀದಿಯಲ್ಲಿ ಒಂದೆರಡು ಮನೆಗೆ ಬೇಕಾಗುವ ಕೆಲಸ. ಸಂಘದ ಉಳಿತಾಯದಿಂದ ಐದು ಅಂಗಿಗಾಗುವಷ್ಟು ತಂದು, ಒಂದನ್ನು ಮಾದರಿಗೆ ಹೊಲಿದು, ಒಂದು ಕೈಯಲ್ಲಿ ಹಾಕಿಕೊಳ್ಳಲು ಆಗುತ್ತದೆಯೇ ಎಂದು ನೀವೇ ಇನ್ನೊಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಒಂದು ಹಳೇ ಅಂಗಿ, ಸೂಜಿ ದಾರ ತನ್ನಿ. ನಿಮ್ಮ ಬೀದಿಯಲ್ಲಿ ಬಟ್ಟೆ ತೊಡಲು ಇನ್ನೊಬ್ಬರ ಕೈ ಕಾಯುವವರು ಯಾರಿದ್ದಾರೆ, ಅವರಲ್ಲಿ ಎದೆಗೆ ಯಂತ್ರ ಹಾಕಿಸಿಕೊಂಡವರು ಯಾರು ಎಂದು ವಿಚಾರಿಸಿಕೊಂಡು ಬನ್ನಿ. ಹೆಸರು ಬರೆದು ತರುವುದು ಬೇಡ, ಎಷ್ಟು ಜನ ಎಂದು ಹೇಳಿದರೆ ಸಾಕು.